ಜೋಳ ಬೆಳೆದವನಿಗೂ ಇಲ್ಲ, ಉಣ್ಣುವವನಿಗೂ ಇಲ್ಲ

(ಬೈಲಹೊಂಗಲದಲ್ಲಿ ಗಿರಣಿ ಕೂಲಿಕಾರರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯಕ್ಕೆ ಕೃಷಿ ಸಹಾಯಧನ ಎಂಬ ದೊಡ್ಡ ಹೆಸರು ಇಟ್ಟಿದ್ದಾರೆ. ನಿಜ ನೋಡಿದರೆ ಇದು ನಮ್ಮ ನಿಮ್ಮ ರೊಟ್ಟಿಯ ಬುಟ್ಟಿಯ ವಿಷಯ.

ಬೈಲಹೊಂಗಲದ ಪೇಟೆಯಲ್ಲಿ ಒಂದು ಮಾತು ದಿನಾಲೂ ಕಿವಿಗೆ ಬೀಳುತ್ತದೆ. ಸರಕಾರ ರೈತನಿಗೆ ಗೊಬ್ಬರ ಸೋವಿ ಕೊಡುತ್ತದೆ, ಪಂಪಸೆಟ್ಟಿಗೆ ಕರೆಂಟು ಪುಕ್ಕಟೆ ಕೊಡುತ್ತದೆ, ಕಾಲುವೆ ನೀರು ಕೊಡುತ್ತದೆ, ವರುಷಕ್ಕೆ ಆರು ಸಾವಿರ ರೊಕ್ಕವನ್ನೂ ಹಾಕುತ್ತದೆ. ಇಷ್ಟಾದರೂ ಕಾಳುಕಡಿ ಯಾಕೆ ತುಟ್ಟಿ? ಇದು ಪೇಟೆಯ ಪ್ರಶ್ನೆ. ರಾಮದುರ್ಗದ ಕಡೆಯ ಹಳ್ಳಿಯ ಕಟ್ಟೆಯ ಮೇಲೆ ಕೂತು ಕೇಳಿರಿ, ಅದೇ ಪ್ರಶ್ನೆ ತಿರುವುಮುರುವಾಗಿ ಬರುತ್ತದೆ. ಗಿರಣಿಯವರಿಗೆ ತಿಂಗಳಿಗೆ ಪಗಾರ ಉಂಟು, ಪೇಟೆಯವರಿಗೆ ಸೋವಿ ಕಾಳು ಬೇಕು, ನಮ್ಮ ಮಾಲು ಮಾತ್ರ ಬಿದ್ದ ಧಾರಣೆಗೇ ಹೋಗಬೇಕೇ? ಉಣ್ಣುವವನು ಬೆಳೆಯುವವನ ಮೇಲೆ ಸಿಟ್ಟಾಗಿದ್ದಾನೆ, ಬೆಳೆಯುವವನು ಉಣ್ಣುವವನ ಮೇಲೆ. ಇಬ್ಬರ ನಡುವೆ ಹರಿದುಹೋಗುವ ಸರಕಾರದ ರೊಕ್ಕ ಎಲ್ಲಿಗೆ ಹೋಯಿತೆಂದು ಇಬ್ಬರೂ ಕೇಳುವುದಿಲ್ಲ. ಇಂದು ಅದನ್ನೇ ಕೇಳೋಣ.

ಈ ರೊಕ್ಕ ಸಣ್ಣದಲ್ಲ. 2025-26ರ ಕೇಂದ್ರ ಮುಂಗಡಪತ್ರದಲ್ಲಿ ಆಹಾರದ ಸಹಾಯಧನಕ್ಕೆ 2 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು, ಗೊಬ್ಬರದ ಸಹಾಯಧನಕ್ಕೆ ಸುಮಾರು 1 ಲಕ್ಷ 68 ಸಾವಿರ ಕೋಟಿ ರೂಪಾಯಿ ತೆಗೆದಿಟ್ಟರು. ಇದು ನಮ್ಮದೇ ರೊಕ್ಕ. ನೀವು ಕೊಂಡ ಸಾಬೂನು, ಬೆಂಕಿಪೆಟ್ಟಿಗೆ, ಚಪ್ಪಲಿಯ ಮೇಲಿನ ತೆರಿಗೆಯೂ ಅದರಲ್ಲಿ ಸೇರಿದೆ. ಹೀಗಾಗಿ ಲೆಕ್ಕ ಕೇಳುವ ಹಕ್ಕು ನಮಗುಂಟು.

ಸರಕಾರದ ನೆರವು ಮೂರು ಬಾಗಿಲುಗಳಿಂದ ಬರುತ್ತದೆ. ಮೊದಲನೆಯದು ಹೊಲದ ಬಾಗಿಲು: ಗೊಬ್ಬರ, ನೀರು, ಕರೆಂಟು. ಎರಡನೆಯದು ಪೇಟೆಯ ಬಾಗಿಲು: ಬೆಂಬಲ ಬೆಲೆ. ಮೂರನೆಯದು ಅಡಿಗೆಮನೆಯ ಬಾಗಿಲು: ರೇಶನ್ ಅಂಗಡಿ. ಒಂದೊಂದಾಗಿ ನೋಡೋಣ.

ಮೊದಲು ಹೊಲದ ಬಾಗಿಲು. ನಮ್ಮ ಕಡೆ ರಾಸಾಯನಿಕ ಗೊಬ್ಬರಕ್ಕೆ ‘ಸರಕಾರಿ ಗೊಬ್ಬರ’ ಎಂದೇ ಹೆಸರು. 45 ಕಿಲೋ ಯೂರಿಯಾದ ಚೀಲಕ್ಕೆ ರೈತ ಕೊಡುವುದು 266 ರೂಪಾಯಿ 50 ಪೈಸೆ. ಆ ಚೀಲ ತಯಾರಾಗಿ ಬರುವ ಖರ್ಚು ಇದರ ಹಲವು ಪಟ್ಟು. ಮಿಕ್ಕ ರೊಕ್ಕವನ್ನು ಕೇಂದ್ರ ಸರಕಾರ ಗೊಬ್ಬರದ ಕಂಪನಿಗೆ ಕೊಡುತ್ತದೆ. ಅಂದರೆ ಈ ನೆರವು ಚೀಲದ ಲೆಕ್ಕದಲ್ಲಿ ಹಂಚಿಹೋಗುತ್ತದೆ, ಮನುಷ್ಯರ ಲೆಕ್ಕದಲ್ಲಲ್ಲ. ಹೆಚ್ಚು ಚೀಲ ಸುರಿದವನಿಗೆ ಹೆಚ್ಚು ನೆರವು. ಕಬ್ಬಿಗೆ ಎಕರೆಗೆ ಐದು ಚೀಲದಷ್ಟು ಯೂರಿಯಾ ಬೇಕು, ಮಳೆಯ ಮೇಲೆ ಬೆಳೆಯುವ ಹಿಂಗಾರಿ ಜೋಳಕ್ಕೆ ಒಂದು ಚೀಲ ಸಾಕು. ಹೀಗಾಗಿ ಕಬ್ಬಿನ ಎಕರೆಗೆ ಐದು ಪಾಲು ನೆರವು ಹೋದರೆ ಜೋಳದ ಎಕರೆಗೆ ಒಂದೇ ಪಾಲು.

ಕರೆಂಟಿನದೂ ಇದೇ ಕಥೆ. 2008ರಿಂದ ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪಸೆಟ್ಟಿಗೆ ಕರೆಂಟು ಪುಕ್ಕಟೆ. ಒಳ್ಳೆಯದೇ. ಆದರೆ ಪುಕ್ಕಟೆ ಕರೆಂಟು ಹರಿಯಬೇಕಾದರೆ ಮೊದಲು ಬಾವಿಯಲ್ಲಿ ನೀರು ಬೇಕು, ಬೋರು ಕೊರೆಸಲು ಕೈಯಲ್ಲಿ ರೊಕ್ಕ ಬೇಕು. ರಾಮದುರ್ಗದ ಒಣ ಹೊಲದಲ್ಲಿ ನಾಲ್ಕು ಎಕರೆ ಎರಿ ಭೂಮಿ ಇಟ್ಟುಕೊಂಡು ಆಕಾಶ ನೋಡುವವನಿಗೆ ಈ ನೆರವಿನಿಂದ ಒಂದು ಯೂನಿಟ್ಟೂ ಸಿಕ್ಕುವುದಿಲ್ಲ. ಕಾಲುವೆಯ ನೀರೂ ಕಾಲುವೆಯ ಕೆಳಗಿನ ಹೊಲಕ್ಕೆ ಮಾತ್ರ.

ಇದರ ಫಲ ಕಣ್ಣ ಮುಂದೆಯೇ ಇದೆ. ನೀರು ಸಿಕ್ಕವನು ಕಬ್ಬಿಗೆ ತಿರುಗಿದ್ದಾನೆ. ಅವನನ್ನು ಬಯ್ಯುವುದರಲ್ಲಿ ಅರ್ಥವಿಲ್ಲ, ಲೆಕ್ಕವೇ ಹಾಗಿದೆ. ಎಕರೆಗೆ 35 ಟನ್ನು ಕಬ್ಬು ಬಂದು ಟನ್ನಿಗೆ 3,300 ರೂಪಾಯಿ ಸಿಕ್ಕರೆ ಒಂದು ಲಕ್ಷ ಹದಿನೈದು ಸಾವಿರ ರೂಪಾಯಿಯ ಮಾಲು. ಒಣ ಹೊಲದಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಜೋಳ ಬಂದು ಪೂರಾ ಬೆಂಬಲ ಬೆಲೆಯೇ ಸಿಕ್ಕರೂ ಹದಿನೈದು ಸಾವಿರ ದಾಟುವುದಿಲ್ಲ. ಕಬ್ಬಿನ ಖರ್ಚು ಹೆಚ್ಚು, ಅದು ಹೊಲದಲ್ಲಿ ನಿಲ್ಲುವ ಕಾಲವೂ ಹೆಚ್ಚು, ಆ ಮಾತು ನಿಜ. ಆದರೂ ಯಾರು ಯಾವ ಕಡೆ ಹೊರಳುತ್ತಾರೆಂದು ಹೇಳಲು ಶಾಲಾ ಮಾಸ್ತರನೇ ಬೇಕಾಗಿಲ್ಲ. ಕಬ್ಬಿಗೆ ವರುಷಕ್ಕೆ 1,500ರಿಂದ 2,500 ಮಿಲಿಮೀಟರ್ ನೀರು ಬೇಕು, ಜೋಳಕ್ಕೆ 450ರಿಂದ 650 ಸಾಕು. ಕಡಿಮೆ ನೀರು ಕುಡಿದು ಬಡವನ ಹೊಟ್ಟೆ ತುಂಬುವ ಬೆಳೆಗೆ ನೆರವು ಕಡಿಮೆ. ಹೆಚ್ಚು ನೀರು ಕುಡಿದು ಕಾರಖಾನೆಗೆ ಹೋಗುವ ಬೆಳೆಗೆ ನೆರವು ಹೆಚ್ಚು.

ದೇಶದಲ್ಲಿ 1960ರ ಸುಮಾರಿಗೆ 180 ಲಕ್ಷ ಹೆಕ್ಟೇರಿನಷ್ಟು ಭೂಮಿಯಲ್ಲಿ ಜೋಳ ಬಿತ್ತುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ಅದು 40 ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ. ಪೇಟೆಯಲ್ಲಿ ಜೋಳ ಯಾಕೆ ತುಟ್ಟಿಯಾಯಿತೆಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಬಿತ್ತುವ ಭೂಮಿ ಕುಗ್ಗಿತು, ಧಾರಣೆ ಏರಿತು. ಆದರೆ ಧಾರಣೆ ಏರಿದರೂ ಬೆಳೆದವನ ಮನೆ ಬೆಳಗಲಿಲ್ಲ. ಅವನ ಇಳುವರಿಯೇ ನಾಲ್ಕೈದು ಕ್ವಿಂಟಲ್. ಅದರಲ್ಲಿ ಮನೆಗೆ, ಬೀಜಕ್ಕೆ, ಆಳುಮಕ್ಕಳಿಗೆ ತೆಗೆದಿಟ್ಟ ಮೇಲೆ ಮಾರಲು ಉಳಿಯುವುದೆಷ್ಟು? ಅಂಗಡಿಯ ಕಿಲೋ ಬೆಲೆ ನೋಡಿ ರೈತ ಶ್ರೀಮಂತನಾದನೆಂದು ತಿಳಿಯುವುದು ತಪ್ಪು.

ಎರಡನೆಯದು ಪೇಟೆಯ ಬಾಗಿಲು. 1965ರಲ್ಲಿ ಭಾರತ ಆಹಾರ ನಿಗಮವೂ ಕೃಷಿ ಬೆಲೆ ಆಯೋಗವೂ ಹುಟ್ಟಿದವು. ಅಂದಿನಿಂದ ಬಿತ್ತನೆಗೆ ಮುಂಚೆ ಸರಕಾರ ಬೆಂಬಲ ಬೆಲೆ ಸಾರುತ್ತ ಬಂದಿದೆ. 2025-26ಕ್ಕೆ ಹೈಬ್ರಿಡ್ ಜೋಳಕ್ಕೆ ಕ್ವಿಂಟಲಿಗೆ 3,699 ರೂಪಾಯಿ, ಮಾಲದಂಡಿ ಜೋಳಕ್ಕೆ 3,749 ರೂಪಾಯಿ ಸಾರಿದರು. ಸಾರುವುದು ಬೇರೆ, ಕೊಳ್ಳುವುದು ಬೇರೆ. ಕೊಳ್ಳುವವನಿಲ್ಲದ ಬೆಲೆ ಗೋಡೆಗೆ ಅಂಟಿಸಿದ ಚೀಟಿ. ಕೇಂದ್ರ ಸರಕಾರವೇ ನೇಮಿಸಿದ ಶಾಂತಕುಮಾರ ಸಮಿತಿ 2015ರಲ್ಲಿ ಕೊಟ್ಟ ವರದಿಯ ಪ್ರಕಾರ, ಬೆಂಬಲ ಬೆಲೆಗೆ ಸರಕಾರಿ ಸಂಸ್ಥೆಗೆ ಮಾಲು ಮಾರಲು ಸಾಧ್ಯವಾದದ್ದು ದೇಶದ ರೈತ ಮನೆತನಗಳಲ್ಲಿ ನೂರಕ್ಕೆ ಆರಕ್ಕೆ ಮಾತ್ರ. ಆ ಖರೀದಿಯಲ್ಲಿಯೂ ಸಿಂಹಪಾಲು ಗೋದಿ ಮತ್ತು ಭತ್ತದ್ದು.

ಒಂದು ಸಣ್ಣ ಲೆಕ್ಕ ಹಾಕೋಣ. ಒಬ್ಬ ರೈತ ಹನ್ನೆರಡು ಕ್ವಿಂಟಲ್ ಜೋಳ ಮಾರಲು ತಂದಿದ್ದಾನೆ. ಸುಗ್ಗಿಯ ದಿನಗಳು, ಎಲ್ಲರೂ ಒಮ್ಮೆಗೇ ತಂದಿದ್ದಾರೆ, ಧಾರಣೆ ಬೆಂಬಲ ಬೆಲೆಗಿಂತ 500 ರೂಪಾಯಿ ಕೆಳಗೆ ಇಳಿದಿದೆ ಎನ್ನಿರಿ. ಸಾಲದವನು ಮನೆಯ ಬಾಗಿಲಲ್ಲಿ ನಿಂತಿದ್ದಾನೆ, ರೈತ ಕಾಯುವಂತಿಲ್ಲ. ಹನ್ನೆರಡಕ್ಕೆ ಐದುನೂರರಂತೆ ಆರು ಸಾವಿರ ರೂಪಾಯಿ ಹೋಯಿತು. ಕಿಸಾನ್ ಸಮ್ಮಾನ ಎಂದು ಸರಕಾರ ವರುಷಕ್ಕೆ ಮೂರು ಕಂತಿನಲ್ಲಿ ಹಾಕಿದ್ದೂ ಆರು ಸಾವಿರವೇ. ಮೂರು ಸಲ ಕೊಟ್ಟದ್ದು ಒಂದೇ ಸಂತೆಯಲ್ಲಿ ಕರಗಿತು. ಇನ್ನು ಲಾವಣಿಗೆ ಹೊಲ ಮಾಡುವವನಿಗೆ ಆ ಆರು ಸಾವಿರವೂ ಇಲ್ಲ. ಉತಾರದಲ್ಲಿ ಹೆಸರಿದ್ದವನಿಗೆ ಸಮ್ಮಾನ, ಬೆವರು ಸುರಿಸಿದವನಿಗೆ ಬರೀ ಬೆವರು.

ಈ ಮಾತಿಗೆ ನಮ್ಮ ನೆಲದಲ್ಲೇ ಇತಿಹಾಸವಿದೆ. ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದರು. ಅದೇ ಹೊತ್ತಿಗೆ, 1972ರಲ್ಲಿ, ಧಾರವಾಡದ ಡಾ. ಕಟಾರಕಿ ಅವರು ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ಕೊಟ್ಟರು. ನೀರು ಬಂತು, ಹೊಸ ಬೀಜ ಬಂತು, ಗೊಬ್ಬರ ಬಂತು, ಸಾಲವೂ ಬಂತು. ರೈತ ಜೋಳ ಬಿಟ್ಟು ಹತ್ತಿ ಹಾಕಿದ. ಕೆಲವು ವರ್ಷದಲ್ಲಿ ಹತ್ತಿಯ ಧಾರಣೆ ಬಿತ್ತು. ಅದೇ ಹೊತ್ತಿಗೆ ಸರಕಾರ ನೀರಿನ ಕರದ ಜೊತೆಗೆ, ನಿಮ್ಮ ಭೂಮಿಯ ಬೆಲೆ ಹೆಚ್ಚಾಗಿದೆ ಎಂದು ಎಕರೆಗೆ 1,500 ರೂಪಾಯಿಯ ಅಭಿವೃದ್ಧಿ ಕರ ಕೇಳಿತು. ಸವದತ್ತಿ, ನವಲಗುಂದ, ನರಗುಂದ ತಾಲೂಕಿನ ರೈತರು ಎದ್ದರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರು ಆಯಿತು, ರೈತರು ಸತ್ತರು, ಪೋಲೀಸರೂ ಸತ್ತರು. ಆ ಮೇಲೆ ಗುಂಡೂರಾಯರ ಸರಕಾರ ಕರದ ವಿಷಯದಲ್ಲಿ ಹಿಂದೆ ಸರಿಯಿತು.

ಈ ಘಟನೆಯಿಂದ ನಾವು ಕಲಿಯಬೇಕಾದ ಪಾಠ ಒಂದಿದೆ. ಆ ರೈತರಿಗೆ ಸರಕಾರದ ನೆರವು ಸಿಕ್ಕಿತ್ತು, ಇಲ್ಲವೆಂದಲ್ಲ. ಕೋಟಿಗಟ್ಟಲೆ ರೂಪಾಯಿಯ ಅಣೆಕಟ್ಟಿಗಿಂತ ದೊಡ್ಡ ನೆರವು ಯಾವುದು? ಆದರೆ ಬಿತ್ತುವ ಮುಂಚೆ ಕೊಟ್ಟ ನೆರವು, ಮಾರುವ ಹೊತ್ತಿಗೆ ಬೆಲೆ ಇಲ್ಲದಿದ್ದರೆ, ಸಾಲವಾಗಿ ಮಾರ್ಪಡುತ್ತದೆ.

ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿಯುವುದು ಅಂದಿಗೆ ಮುಗಿದಿಲ್ಲ. 2023ರ ಡಿಸೆಂಬರ್ 8ರಂದು ಉಳ್ಳಾಗಡ್ಡಿಯನ್ನು ಹೊರದೇಶಕ್ಕೆ ಕಳಿಸಬಾರದೆಂದು ಕೇಂದ್ರ ಸರಕಾರ ಬಂದಿ ಹಾಕಿತು. 2024ರ ಮೇ 4ರವರೆಗೆ ಆ ಬಂದಿ ಇತ್ತು. ಪೇಟೆಯಲ್ಲಿ ಉಳ್ಳಾಗಡ್ಡಿ ಸೋವಿಯಾಗಲಿ ಎಂಬುದು ಅದರ ಉದ್ದೇಶ. ಆ ಸೋವಿಯ ಖರ್ಚನ್ನು ಖಜಾನೆ ಕೊಡಲಿಲ್ಲ, ಬೆಳೆದವನ ಕೈಯಿಂದ ಕೊಡಿಸಿದರು. 2025ರಲ್ಲಿ ಹತ್ತಿಗೂ ಹೀಗೇ ಆಯಿತು. ಹೊರದೇಶದ ಹತ್ತಿಯ ಮೇಲಿದ್ದ ನೂರಕ್ಕೆ 11ರ ಆಮದು ಸುಂಕವನ್ನು ಆಗಸ್ಟ್ 19ರಿಂದ ಡಿಸೆಂಬರ್ 31ರವರೆಗೆ ತೆಗೆದರು. ನಮ್ಮ ಹೊಲಗಳಲ್ಲಿ ಹತ್ತಿ ಬಿಡಿಸಿ ಪೇಟೆಗೆ ತರುವ ಕಾಲವೂ ಅದೇ. ಗಿರಣಿಯ ಸಂಗಾತಿಗಳೇ, ನಾನು ನಿಮ್ಮನ್ನೇ ಕೇಳುತ್ತೇನೆ: ಮಾಲಕರಿಗೆ ಹತ್ತಿ ಸೋವಿಯಾದಾಗ ನಿಮ್ಮ ಪಗಾರ ಒಂದು ರೂಪಾಯಿಯಾದರೂ ಏರುತ್ತದೆಯೇ? ಸುಂಕ ಬಿಟ್ಟದ್ದೂ ಖಜಾನೆಯ ರೊಕ್ಕ ಬಿಟ್ಟಂತೆಯೇ. ಆದರೆ ಅದಕ್ಕೆ ಯಾರೂ ಸಹಾಯಧನ ಎನ್ನುವುದಿಲ್ಲ. ರೈತನ ಗೊಬ್ಬರದ ಚೀಲಕ್ಕೆ ಮಾತ್ರ ಆ ಹೆಸರು.

ಇದು ನಮ್ಮ ಕಲ್ಪನೆಯಲ್ಲ. ಶ್ರೀಮಂತ ದೇಶಗಳ ಕೂಟವಾದ ಓ.ಇ.ಸಿ.ಡಿ. 2018ರಲ್ಲಿ ಭಾರತದ ಲೆಕ್ಕ ಮಾಡಿತು. ರಫ್ತಿನ ಬಂದಿ, ಪೇಟೆಯ ಕಟ್ಟುಪಾಡುಗಳಿಂದ ರೈತ ಕಳೆದುಕೊಂಡದ್ದನ್ನೂ, ಸಹಾಯಧನದಿಂದ ಗಳಿಸಿದ್ದನ್ನೂ ತೂಗಿ ನೋಡಿತು. 2000-01ರಿಂದ 2016-17ರವರೆಗಿನ ಸರಾಸರಿಯಲ್ಲಿ, ನಮ್ಮ ರೈತರಿಗೆ ಅವರ ಹುಟ್ಟುವಳಿಯ ನೂರಕ್ಕೆ 14ರಷ್ಟು ನಷ್ಟವೇ ಆಗಿತ್ತು. ಅತ್ತ ಅಮೇರಿಕ ತನ್ನ ಹತ್ತಿ ರೈತರಿಗೆ ಕೊಟ್ಟ ಸಹಾಯಧನದಿಂದ ಲೋಕದ ಧಾರಣೆ ಕುಸಿಯಿತೆಂದು ಬ್ರೆಝಿಲ್ ದೇಶ ಜಾಗತಿಕ ವ್ಯಾಪಾರ ಸಂಸ್ಥೆಯಲ್ಲಿ ದಾವೆ ಹೂಡಿ ಗೆದ್ದಿತು. 2014ರಲ್ಲಿ ಅಮೇರಿಕ 30 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಬೈಲಹೊಂಗಲದ ಹತ್ತಿಯವನಿಗೆ ಅದರಲ್ಲಿ ಬಿಡಿಕಾಸೂ ಬರಲಿಲ್ಲ.

ಹಾಗಾದರೆ ರೈತ ಹೇಗೆ ಬದುಕಿದ್ದಾನೆ? ಕೇಂದ್ರ ಸರಕಾರದ 2019ರ ಸಮೀಕ್ಷೆ ಹೇಳುತ್ತದೆ. ದೇಶದ ರೈತ ಮನೆತನದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798. ಕೂಲಿಯಿಂದ, ಪಗಾರದಿಂದ ಬಂದದ್ದು 4,063. ಹೊಲಕ್ಕಿಂತ ಕೂಲಿಯೇ ಹೆಚ್ಚು ಕೊಟ್ಟಿದೆ! ಅಂದಮೇಲೆ ರೈತ ಬೇರೆ, ಕೂಲಿಕಾರ ಬೇರೆ ಎನ್ನುವ ಮಾತೇ ಹುಸಿ. ನಿಮ್ಮಲ್ಲಿ ಎಷ್ಟು ಜನರ ಅಣ್ಣ ತಮ್ಮಂದಿರು ಇಂದಿಗೂ ಹೊಲದಲ್ಲಿದ್ದಾರೆ? ಜೋಳ ಬೆಳೆಯುವವನು ಬೇಸಿಗೆಯಲ್ಲಿ ಕೂಲಿಗೆ ಹೋಗಿ, ಕೂಲಿಯ ರೊಕ್ಕದಲ್ಲಿ ಅಂಗಡಿಯ ಜೋಳ ಕೊಳ್ಳುತ್ತಾನೆ. ಸುಗ್ಗಿಯಲ್ಲಿ ಮಾರಿದ್ದಕ್ಕಿಂತ ಹೆಚ್ಚಿನ ಬೆಲೆಗೆ!

ಇನ್ನು ಮೂರನೆಯದು, ಅಡಿಗೆಮನೆಯ ಬಾಗಿಲು. 2013ರ ಆಹಾರ ಭದ್ರತಾ ಕಾಯಿದೆಯಲ್ಲಿ ಅಕ್ಕಿ ಕಿಲೋಕ್ಕೆ 3 ರೂಪಾಯಿ, ಗೋದಿ 2 ರೂಪಾಯಿ, ಜೋಳ-ಸಜ್ಜೆಯಂಥ ಧಾನ್ಯ 1 ರೂಪಾಯಿ ಎಂದು ಬರೆದರು. 2023ರ ಜನವರಿಯಿಂದ ಅದೂ ಪುಕ್ಕಟೆಯಾಯಿತು. ಇದನ್ನು ಯಾರೂ ಹಗುರಾಗಿ ಮಾತಾಡಬಾರದು. ರೇಶನ್ ಅಕ್ಕಿಯಿಂದ ಉಳಿದ ರೊಕ್ಕದಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳ ಪುಸ್ತಕ ಬಂದಿದೆ, ಔಷಧ ಬಂದಿದೆ. ‘ಪುಕ್ಕಟೆ ಅಕ್ಕಿಯಿಂದ ಆಳು ಸಿಗುವುದಿಲ್ಲ’ ಎಂದು ಗೊಣಗುವವರಿಗೆ ಹೇಳುವುದಿಷ್ಟೆ: ಹಸಿವಿನ ಅಂಜಿಕೆಯಿಂದ ಕೂಲಿಗೆ ಬರುವ ಕಾಲ ಹೋಯಿತು, ಸರಿಯಾದ ಕೂಲಿ ಕೊಟ್ಟು ಕರೆಯಿರಿ.

ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಕಾಯಿದೆಯಲ್ಲಿ ಜೋಳವೂ ಇದೆ, ನಮ್ಮ ಊಟದ ಎಡೆಯಲ್ಲಿಯೂ ಜೋಳವೇ ಇದೆ. ಹೀಗಿದ್ದೂ ರೇಶನ್ ಎಂದರೆ ಅಕ್ಕಿ ಎಂದೇ ಏಕಾಯಿತು? ದೂರದ ರಾಜ್ಯದ ಭತ್ತ ಕೊಂಡು, ಅಕ್ಕಿ ಮಾಡಿಸಿ, ಗೋದಾಮಿನಲ್ಲಿಟ್ಟು, ರೈಲಿನಲ್ಲಿ ತಂದು ನಮ್ಮ ಚೀಲಕ್ಕೆ ಹಾಕುವ ಹೊತ್ತಿಗೆ ಆಹಾರ ನಿಗಮಕ್ಕೆ ಕಿಲೋಕ್ಕೆ ಸುಮಾರು 40 ರೂಪಾಯಿ ಖರ್ಚು ಬೀಳುತ್ತದೆ. 2025-26ಕ್ಕೆ ಸಾರಿದ ಜೋಳದ ಬೆಂಬಲ ಬೆಲೆ ಕಿಲೋಕ್ಕೆ 37 ರೂಪಾಯಿ. ಸವದತ್ತಿಯ ಜೋಳವನ್ನು ಸವದತ್ತಿಯಲ್ಲೇ ಕೊಂಡು, ಚೀಲ, ಹಮಾಲಿ, ಗೋದಾಮು, ಗಾಡಿಯ ಬಾಡಿಗೆ ಎಂದು ನಾಲ್ಕೈದು ರೂಪಾಯಿ ಸೇರಿಸಿ ಸವದತ್ತಿ, ಬೈಲಹೊಂಗಲಗಳ ರೇಶನ್ ಅಂಗಡಿಗೆ ಮುಟ್ಟಿಸಿದರೂ ಹೆಚ್ಚು ಕಡಿಮೆ ಅಷ್ಟೇ ಆಗುತ್ತದೆ.

ಬಂಧುಗಳೇ, ಇಡೀ ಭಾಷಣದ ತಿರುಳು ಈ ಲೆಕ್ಕದಲ್ಲಿದೆ. ಬೆಳೆದವನಿಗೆ ಬೆಲೆ ಹೆಚ್ಚಿಸಿದರೆ ಉಣ್ಣುವವನಿಗೆ ತುಟ್ಟಿ, ಉಣ್ಣುವವನಿಗೆ ಸೋವಿ ಮಾಡಿದರೆ ಬೆಳೆದವನಿಗೆ ನಷ್ಟ, ಇದು ಬಗೆಹರಿಯದ ಜಗಳ ಎಂದು ದೊಡ್ಡವರು ನಮಗೆ ಹೇಳುತ್ತ ಬಂದಿದ್ದಾರೆ. ನಡುವಿನ ಅಂತರವನ್ನು ಖಜಾನೆ ತುಂಬಿದರೆ ಆ ಜಗಳವೇ ಇಲ್ಲ. ಆ ರೊಕ್ಕವನ್ನು ಹೊಸದಾಗಿ ಹುಡುಕಬೇಕಾಗಿಯೂ ಇಲ್ಲ. ಈಗಾಗಲೇ ಅಕ್ಕಿಯ ಮೇಲೆ ಖರ್ಚಾಗುತ್ತಿರುವ ರೊಕ್ಕದ ಒಂದು ಪಾಲು ನಮ್ಮ ಹೊಲದ ಕಡೆ ತಿರುಗಿದರೆ ಸಾಕು.

ಇದಕ್ಕೆ ಎರಡು ಆಕ್ಷೇಪಣೆ ಬರುತ್ತವೆ. ಸರಕಾರ ಜೋಳ ಕೊಂಡರೆ ಪೇಟೆಯಲ್ಲಿ ಧಾರಣೆ ಏರುವುದಿಲ್ಲವೇ? ಸುಗ್ಗಿಯಲ್ಲಿ ಏರುತ್ತದೆ, ಏರಬೇಕು. ಆದರೆ ರೇಶನ್ನಿನಲ್ಲಿ ಜೋಳ ಸಿಕ್ಕ ಮನೆಯವರು ಅಷ್ಟು ಜೋಳಕ್ಕಾಗಿ ಅಂಗಡಿಗೆ ಬರಬೇಕಾಗಿಲ್ಲ. ಮಳೆಗಾಲದ ಬಿಕ್ಕಟ್ಟಿನ ತಿಂಗಳಲ್ಲಿ ಎಲ್ಲರೂ ಒಮ್ಮೆಗೇ ಮುಗಿಬೀಳುವುದು ತಪ್ಪುತ್ತದೆ. ಧಾರಣೆ ಸುಗ್ಗಿಯಲ್ಲಿ ಪಾತಾಳಕ್ಕಿಳಿದು ಶ್ರಾವಣದಲ್ಲಿ ಆಕಾಶಕ್ಕೇರುವ ಆಟ ತಗ್ಗುತ್ತದೆ. ಎರಡನೆಯ ಆಕ್ಷೇಪಣೆ: ಜೋಳಕ್ಕೆ ನುಸಿ ಬೀಳುತ್ತದೆ, ಬಹುಕಾಲ ಇಡಲಿಕ್ಕಾಗದು. ಮೊದಲು ಕೇಂದ್ರದ ನಿಯಮವೇ ಮೂರು ತಿಂಗಳಲ್ಲಿ ಹಂಚಿ ಮುಗಿಸಬೇಕೆಂದು ಇತ್ತು, 2021ರಲ್ಲಿ ಆ ಅವಧಿಯನ್ನು ಹೆಚ್ಚಿಸಿದರು. ಹಗೇವಿನಲ್ಲಿ ವರುಷಗಟ್ಟಲೆ ಜೋಳ ಕಾಯ್ದ ನಾಡು ಇದು. ಹತ್ತಿರದಲ್ಲೇ ಕೊಂಡು ಹತ್ತಿರದಲ್ಲೇ ಹಂಚಿದರೆ ನುಸಿಗೆ ಪುರಸತ್ತೇ ಸಿಗದು.

ವ್ಯಾಪಾರಸ್ಥ ಬಂಧುಗಳಿಗೆ ಎರಡು ಮಾತು. ಬೆಲೆ ಏರಿತೆಂದರೆ ಮೊದಲ ಬೈಗಳು ಕಿರಾಣಿ ಅಂಗಡಿಯವನಿಗೆ. 2024ರ ರಿಝರ್ವ್ ಬ್ಯಾಂಕಿನ ಅಧ್ಯಯನದ ಪ್ರಕಾರ ಗಿರಾಕಿ ಉಳ್ಳಾಗಡ್ಡಿಗೆ ಕೊಟ್ಟ ರೂಪಾಯಿಯಲ್ಲಿ ರೈತನಿಗೆ ಮುಟ್ಟುವುದು 36 ಪೈಸೆ. ಉಳಿದ 64 ಪೈಸೆಯಲ್ಲಿ ಗಾಡಿಯ ಬಾಡಿಗೆ, ಹಮಾಲಿ, ಕೊಳೆತ ಮಾಲಿನ ನಷ್ಟ, ಸಣ್ಣ ಅಂಗಡಿಯ ಅನ್ನವೂ ಇದೆ. ಸುಗ್ಗಿಯಲ್ಲಿ ಸಾವಿರ ಚೀಲ ಕೊಂಡು ಕೂಡಿಡುವವನ ಲಾಭವೂ ಇದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹಳ್ಳಿಯವನ ಕೈಯಲ್ಲಿ ಸುಗ್ಗಿಯ ರೊಕ್ಕ ನಿಂತರೆ ನಿಮ್ಮ ಉದ್ರಿ ವಸೂಲಾಗುತ್ತದೆ, ಅರಿವೆ ಅಂಗಡಿಯಲ್ಲಿ ಗಿರಾಕಿ ಕಾಣುತ್ತದೆ. ನಿಮ್ಮ ಹಿತ ಸಾವಿರ ಚೀಲದವನ ಜೊತೆಗಿಲ್ಲ, ಹತ್ತು ಚೀಲದವನ ಜೊತೆಗಿದೆ.

ಹಾಗಾದರೆ ನಾವು ಕೇಳಬೇಕಾದದ್ದೇನು? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲೂಕುಗಳಲ್ಲಿ ಹಿಂಗಾರಿ ಜೋಳದ ರಾಶಿ ಆಗುವ ಮುಂಚೆ ಖರೀದಿ ಕೇಂದ್ರ ತೆರೆಯಬೇಕು. ರೈತ ಮಾರಿಕೊಂಡ ಮೇಲೆ ತೆರೆದ ಕೇಂದ್ರ ಕೂಡಿಟ್ಟವನಿಗೆ ಉಪಯೋಗ. ಕೊಂಡ ಜೋಳವನ್ನು ಇದೇ ತಾಲೂಕುಗಳ ರೇಶನ್ ಅಂಗಡಿಯಲ್ಲಿ ಕೊಡಬೇಕು. ಅಕ್ಕಿ ಬೇಕೆಂದವರಿಗೆ ಅಕ್ಕಿ, ಜೋಳ ಬೇಕೆಂದವರಿಗೆ ಜೋಳ. ನೆರವು ಚೀಲದ ಲೆಕ್ಕ ಬಿಟ್ಟು ಎಕರೆಯ ಲೆಕ್ಕಕ್ಕೆ ಬರಬೇಕು, ಒಣ ಬೇಸಾಯದವನಿಗೆ ಸರಿಯಾದ ಪಾಲು ಸಿಗಬೇಕು, ಲಾವಣಿಯವನ ಹೆಸರೂ ಪಟ್ಟಿಯಲ್ಲಿ ಬರಬೇಕು. ಹತ್ತಿ ಬಿಡಿಸುವ ಕಾಲದಲ್ಲಿ ಹೊರದೇಶದ ಹತ್ತಿಗೆ ಬಾಗಿಲು ತೆಗೆಯಬಾರದು.

ಇದನ್ನು ರೈತರಷ್ಟೇ ಕೇಳಿದರೆ, ಪೇಟೆಯವರಿಗೆ ತುಟ್ಟಿಯಾಗುತ್ತದೆಂದು ಸರಕಾರ ನಿಮ್ಮ ಹೆಸರು ಮುಂದೆ ಮಾಡುತ್ತದೆ. ನೀವಷ್ಟೇ ಕೇಳಿದರೆ ರೈತರ ಹೆಸರು ಮುಂದೆ ಮಾಡುತ್ತದೆ. ಇಬ್ಬರೂ ಒಂದೇ ಅರ್ಜಿಗೆ ಸಹಿ ಹಾಕಿದ ದಿನ ಅದಕ್ಕೆ ಅಡ್ಡ ಹಿಡಿಯಲು ಯಾರ ಹೆಸರೂ ಉಳಿಯುವುದಿಲ್ಲ. 2025ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬಿನ ರೈತರು ಟನ್ನಿಗೆ 3,500 ರೂಪಾಯಿ ಬೇಕೆಂದು ರಸ್ತೆಯಲ್ಲಿ ಕೂತರು. ಕೇಳಿದಷ್ಟು ಸಿಗದಿದ್ದರೂ 3,300ಕ್ಕೆ ಸರಕಾರ ಬರಬೇಕಾಯಿತು. ಕಬ್ಬಿನವರಿಗೆ ಕಾರಖಾನೆಯ ಬಾಗಿಲಾದರೂ ಇದೆ, ಕೂತು ಕೇಳಬಹುದು. ಜೋಳದವನಿಗೆ ಕೂಡಲು ಬಾಗಿಲೇ ಇಲ್ಲ. ಆ ಬಾಗಿಲು ಗಿರಣಿಯ ಕೂಲಿಕಾರರು ಆಗಬೇಕು, ಪೇಟೆಯ ಸಣ್ಣ ವ್ಯಾಪಾರಸ್ಥರು ಆಗಬೇಕು. ಅರ್ಜಿಯ ಹಾಳೆ ಇಲ್ಲಿ ಮೇಜಿನ ಮೇಲಿದೆ. ಮನೆಗೆ ಹೋಗುವ ಮುಂಚೆ ಓದಿರಿ, ಒಪ್ಪಿಗೆಯಾದರೆ ಸಹಿ ಹಾಕಿರಿ, ಬರುವ ಸಂತೆಯ ದಿನ ನಿಮ್ಮ ಹಳ್ಳಿಯ ಅಣ್ಣ ತಮ್ಮಂದಿರಿಗೂ ತೋರಿಸಿರಿ.